ಆಚೆಯವರ ಪಾತ್ರೆಗಳು

ನಮ್ಮೂರಲ್ಲಿ ಯಾರ ಮನೆಯ ಪಾತ್ರೆಯನ್ನೂ ಬರಿದಾಗಿ ವಾಪಸು ಕೊಡುವುದಿಲ್ಲ. ಈ ಪದ್ಧತಿ ನಿಮ್ಮೂರಲ್ಲೂ ಇದ್ದೀತು. ಪಕ್ಕದ ಮನೆಯವರು ಬಟ್ಟಲಲ್ಲಿ ಪಲ್ಯ ಕಳಿಸಿದರೆ ನೀವೂ ಆ ಬಟ್ಟಲಿಗೆ ಒಂದು ಹಿಡಿ ಸಕ್ಕರೆಯನ್ನಾದರೂ ಹಾಕಿ ಕಳಿಸುತ್ತೀರಿ. ವ್ಯತ್ಯಾಸ ಇಷ್ಟೇ. ನೀವು ಮರೆತರೆ ಪಕ್ಕದ ಮನೆಯಾಕೆ ಮುಖ ಗಂಟಿಕ್ಕಿಕೊಳ್ಳುತ್ತಾಳೆ, ನಾವು ಮರೆತರೆ ಪಾತ್ರೆಯೇ ಅಳುತ್ತದೆ. ದೀಪ ಹಚ್ಚುವ ಹೊತ್ತಿಗೆ ಶುರುವಾಗುತ್ತದೆ. ಕಂಚಿನ ತಟ್ಟೆಯ ಅಂಚಿಗೆ ಒದ್ದೆ ಬೆರಳು ಸವರಿದ ಹಾಗೆ ಒಂದೇ ಎಳೆಯ ದನಿ, ಊಟ ಮುಗಿಯುವ ತನಕ ನಿಲ್ಲುವುದಿಲ್ಲ. ಸುಮ್ಮನೆ ಏನಾದರೂ ತುಂಬಿ ಅಡುಗೆಮನೆಯ ಗೋಡೆಯ ಮಾಡಿನ ಮೇಲಿಟ್ಟರೆ ಅದು ಮೋಸ ಹೋಗುವುದಿಲ್ಲ. ನಮ್ಮ ಕೈಯಾರೆ ಮಾಡಿದ್ದನ್ನು ತುಂಬಿ, ಕೊಟ್ಟವರ ಕೈಗೆ ಮುಟ್ಟಿಸಬೇಕು. ಆಗ ಮಾತ್ರ ಸುಮ್ಮನಾಗುತ್ತದೆ.

ಹಾಗಾಗಿ ನಮ್ಮಲ್ಲಿ ಪಾತ್ರೆಗಳು ಸಂಜೆಯೊಳಗೆ ಮನೆ ಸೇರುತ್ತವೆ. ಜಗಳವಾಡಿ ಮಾತು ಬಿಟ್ಟ ಓರಗಿತ್ತಿಯರು ಕೂಡ ಐದು ಗಂಟೆಗೆ ಮೂತಿ ತಿರುಗಿಸಿಕೊಂಡೇ ಒಬ್ಬರ ಬಾಗಿಲಿಗೆ ಒಬ್ಬರು ಹೋಗಿ ತಂಬಿಗೆ ಕೊಟ್ಟು ಬರುತ್ತಾರೆ. ತೊಂದರೆ ಇರುವುದು ಆಚೆಯವರ ಪಾತ್ರೆಗಳದ್ದು.

ಆಚೆಯವರು ಅಂದರೆ ಉಪ್ಪಿನ ಬಯಲಿನ ಆಚೆಯವರು. ನಮ್ಮೂರಿನ ಕೊನೆಯ ಮನೆ ದಾಟಿದರೆ ಕಣ್ಣು ಹರಿಯುವಷ್ಟು ದೂರ ಬರೀ ಬಿಳಿ ಉಪ್ಪು. ಅದರ ಆಚೆ ಇನ್ನೊಂದು ಊರು, ಆ ಊರು ಇನ್ನೊಂದು ದೇಶದ್ದು. ಮೊದಲು ಬೆಳಿಗ್ಗೆ ಹೊರಟು ಮಧ್ಯಾಹ್ನದ ಊಟಕ್ಕೆ ಅಲ್ಲಿದ್ದು ಸಂಜೆಗೆ ಮರಳುತ್ತಿದ್ದೆವು. ಕೊಡುವುದು ತರುವುದು, ಹೆಣ್ಣು ಗಂಡು, ಎಲ್ಲ ಅವರ ಜೊತೆಗೇ. ಆಮೇಲೆ ಬಯಲಿನ ಉಪ್ಪು ಯಾರದ್ದು ಎಂದು ಎರಡು ರಾಜಧಾನಿಗಳಲ್ಲಿ ಕುಳಿತವರಿಗೆ ಒಂದೇ ಸಲ ಅನುಮಾನ ಬಂತು. ಯುದ್ಧವಾಯಿತು, ಗಡಿ ಮುಚ್ಚಿತು. ಯಾರ ಯಾರ ಮನೆಯಲ್ಲಿ ಆಚೆಯವರ ಪಾತ್ರೆ ಉಳಿದಿತ್ತೋ ಅದು ಅಲ್ಲೇ ಉಳಿಯಿತು.

ನನ್ನ ಮನೆಯಲ್ಲಿ ಉಳಿದದ್ದು ನನ್ನ ತಂಗಿ ನೀಲವ್ವನ ಹಿತ್ತಾಳೆ ಡಬ್ಬಿ. ನಾನು ಕಾಶವ್ವ, ಬಸ್ ಸ್ಟ್ಯಾಂಡಿನ ಪಕ್ಕ ಖಾನಾವಳಿ ನಡೆಸುವವಳು. ನನ್ನ ನಾಲಿಗೆ ಉದ್ದ ಎಂದು ಊರೆಲ್ಲ ಹೇಳುತ್ತದೆ, ಆದರೆ ಊಟಕ್ಕೆ ನನ್ನಲ್ಲಿಗೇ ಬರುತ್ತದೆ. ನಮ್ಮೂರಿನ ನೀರು ಸವಳು. ಆ ನೀರಿನಲ್ಲಿ ಬೇಳೆ ಬೇಯುವುದಿಲ್ಲ. ಎಷ್ಟು ಕುದಿಸಿದರೂ ಹರಳು ಹರಳಾಗಿಯೇ ಇರುತ್ತದೆ. ಸಾರಿಗೆ ಹೇಗೋ ಅರೆದು ಹಾಕಬಹುದು, ಹೋಳಿಗೆಯ ಹೂರಣ ಮಾತ್ರ ನಮ್ಮ ಹಣೆಯಲ್ಲಿ ಬರೆದಿರಲಿಲ್ಲ. ನೀಲವ್ವ ಆಚೆಗೆ ಮದುವೆಯಾಗಿ ಹೋಗಿ ಮೊದಲು ಮಾಡಿದ ಕೆಲಸವೆಂದರೆ ಹೋಳಿಗೆ ಕಲಿತದ್ದು. ಡಬ್ಬಿ ತುಂಬ ಮಾಡಿ, "ಇಲ್ಲಿ ಬೇಳಿ ಬೆಣ್ಣಿ ಆದಂಗ ಬೇಯ್ತದ ಅಂತ ಅಕ್ಕಗ ಹೇಳ್ರಿ" ಎಂದು ಉಪ್ಪಿನ ಗಾಡಿಯವನ ಕೈಯಲ್ಲಿ ಕಳಿಸಿದ್ದಳು. ನಾವು ಅದನ್ನು ತಿಂದು ಮುಗಿಸುವಷ್ಟರಲ್ಲಿ ಗಡಿಯಲ್ಲಿ ಗುಂಡಿನ ಸದ್ದು.

ಅಂದಿನಿಂದ ಆ ಡಬ್ಬಿ ದಿನವೂ ಸಂಜೆ ಅತ್ತಿದೆ. ನನ್ನದೊಂದೇ ಅಲ್ಲ, ಮುಚ್ಚಂಜೆಯಾದರೆ ಬೀದಿ ಬೀದಿಯಿಂದ ಆ ದನಿ ಏಳುತ್ತಿತ್ತು. ಜನ ಹೊಂದಿಕೊಂಡರು. ಗೋಧೂಳಿ ಮುಹೂರ್ತದ ಮದುವೆಗಳು ನಮ್ಮೂರಲ್ಲಿ ನಿಂತೇ ಹೋದವು. ನಮ್ಮ ಕೂಸುಗಳನ್ನು ಬೇರೆ ಊರಿಗೆ ಕರೆದುಕೊಂಡು ಹೋದರೆ ಆ ದನಿ ಇಲ್ಲದೆ ಮಲಗುತ್ತಿರಲಿಲ್ಲ. ನಾನು ಖಾನಾವಳಿಯ ರೇಡಿಯೊ ಜೋರು ಮಾಡುತ್ತಿದ್ದೆ. ಹಬ್ಬ ಬಂತೆಂದರೆ ಡಬ್ಬಿಗೆ ಚಕ್ಕುಲಿಯನ್ನೋ ಉಂಡೆಯನ್ನೋ ತುಂಬಿ ಬಯಲಿನ ಅಂಚಿಗೆ ಹೋಗಿ ನಿಲ್ಲುತ್ತಿದ್ದೆ. ಸಿಪಾಯಿಗಳು ಸೀಟಿ ಊದಿ ಅಟ್ಟುತ್ತಿದ್ದರು. ಮನೆಗೆ ಬಂದು ಆ ಚಕ್ಕುಲಿಯನ್ನು ನಾನೇ ತಿನ್ನುತ್ತಿದ್ದೆ. ಅಳುತ್ತ ಚಕ್ಕುಲಿ ತಿನ್ನುವುದು ಸುಲಭವಲ್ಲ, ಗಂಟಲಲ್ಲಿ ಸಿಕ್ಕಿಕೊಳ್ಳುತ್ತದೆ.

ಊರಿನಲ್ಲಿ ಆಚೆಯವರ ಯಾವ ಪಾತ್ರೆಯೂ ಇಲ್ಲದವನೆಂದರೆ ಹಿಟ್ಟಿನ ಗಿರಣಿಯ ಯಮನೂರಪ್ಪ ಒಬ್ಬ. ಯುದ್ಧಕ್ಕೆ ಹೋಗಿ ಎಡಗೈ ಬಿಟ್ಟು ಬಂದವನು. ಆಚೆಯವರ ಹೆಸರೆತ್ತಿದರೆ ಉರಿದು ಬೀಳುತ್ತಿದ್ದ. ಸಂಜೆ ಸರಿಯಾಗಿ ದೀಪ ಹಚ್ಚುವ ಹೊತ್ತಿಗೆ ಗಿರಣಿ ಶುರು ಮಾಡುತ್ತಿದ್ದ. ಬೀಸಲು ಕಾಳಿಲ್ಲದ ದಿನವೂ ಬರಿ ಗಿರಣಿ ಗಡಗಡ ತಿರುಗುತ್ತಿತ್ತು. ಊರವರ ಪಾತ್ರೆಗಳ ಅಳು ಅವನ ಕಿವಿಗೆ ಬೀಳಬಾರದೆಂಬ ಹಟ ಎಂದು ನಾವೆಲ್ಲ ತಿಳಿದಿದ್ದೆವು.

ಹೀಗೆ ಕೂದಲು ಬೆಳ್ಳಗಾದವು. ಆಮೇಲೆ ಆಚೆ ಹೊಸ ಸರಕಾರ ಬಂತು. ಬಂದೂಕಿನಿಂದ ಆಗದ್ದು ಗೆಳೆತನದಿಂದ ಆದೀತು ಎಂದು ಅವರಿಗೆ ಯಾರು ಹೇಳಿದರೋ, ನಮ್ಮೂರಿಗೆ ಸಿಹಿನೀರು ಕೊಡುತ್ತೇವೆ ಎಂದರು. ಬಯಲಿನ ಅಡಿಯಿಂದ ಪೈಪು ತಂದು, ಊರ ನಡುವೆ ಎತ್ತರದ ಟ್ಯಾಂಕು ಕಟ್ಟಿ, ನೀರು ತುಂಬಿಸಿಯೇ ಒಪ್ಪಿಸುತ್ತೇವೆ, ಒಂದು ಕಾಸೂ ಬೇಡ ಎಂದರು. ನಮ್ಮ ಸರಕಾರ ಒಲ್ಲೆ ಎನ್ನಲಾರದೆ ಹ್ಞೂಂ ಅಂದಿತು. ಊರಲ್ಲಿ ಮಾತ್ರ ಗುಸುಗುಸು. ಪುಕ್ಕಟೆ ಯಾರು ಏನು ಕೊಡುತ್ತಾರೆ? ನಮ್ಮ ಮನಸ್ಸು ಗೆಲ್ಲಲು ಬಂದಿದ್ದಾರೆ ಎಂದು ಕೆಲವರು. ಗೆದ್ದುಕೊಳ್ಳಲಿ ಬಿಡು, ಬೇಳೆ ಬೆಂದರೆ ಸಾಕು ಎಂದು ನಾನು.

ಟ್ಯಾಂಕು ಕಟ್ಟಿಸಲು ಆಚೆಯಿಂದ ಬಂದ ಇಂಜಿನಿಯರು ಒಬ್ಬ ಹೆಂಗಸು, ವಸುಮತಿ ಎಂದು. ನಲವತ್ತರ ಆಸುಪಾಸು, ಪ್ಯಾಂಟು, ದಪ್ಪ ಬೂಟು, ಮಾತು ಮಾತ್ರ ಅಳೆದು ಸುರಿದಂತೆ. ನನ್ನಲ್ಲೇ ಊಟ. ಮೊದಲ ದಿನ ತಟ್ಟೆಯಲ್ಲಿನ ಬೇಳೆಯನ್ನು ಬೆರಳಿನಿಂದ ಒತ್ತಿ ನೋಡಿದಳು.

"ಬೆಂದಿಲ್ವಲ್ಲಮ್ಮ ಇದು?"

"ನೀವು ನೀರು ಕೊಡೂ ತನಕಾ ಬೇಯೂದಿಲ್ಲ. ಲಗೂನ ಟ್ಯಾಂಕಿ ಕಟ್ರಿ, ಇಲ್ಲಾಂದ್ರ ಇದನ್ನ ತಿನ್ನಬೇಕು" ಅಂದೆ. ಅವಳು ಮೊದಲ ಸಲ ನಕ್ಕಳು. ಆಚೆಯ ಊರೇ ಅವಳದ್ದು ಎಂದು ತಿಳಿದಾಗ ನೀಲವ್ವನ ವಿಚಾರ ಕೇಳಿದೆ. ಉಪ್ಪಾರ ಬೀದಿಯಲ್ಲಿ ಹೋಳಿಗೆ ಮಾಡುವ ಒಬ್ಬ ನೀಲಮ್ಮ ಇದ್ದಾರೆ, ಜೋರು ಹೆಂಗಸು ಎಂದಳು. ಜೋರು ಎಂದ ಮೇಲೆ ನನ್ನ ತಂಗಿಯೇ ಸರಿ. ಆ ದಿನ ನನಗೆ ಕಾಲು ನೆಲಕ್ಕೆ ಹತ್ತಲಿಲ್ಲ. ನೀಲವ್ವ ಬದುಕಿದ್ದಾಳೆ, ಡಬ್ಬಿ ಮುಟ್ಟಿಸಲು ಕೈಗಳಿವೆ.

ಟ್ಯಾಂಕಿನ ಉದ್ಘಾಟನೆಗೆ ಎರಡೂ ದೇಶದ ಬಾವುಟ, ಎರಡೂ ಕಡೆಯ ಭಾಷಣ. ಕಲ್ಲಿನ ಮೇಲೆ "ಗೆಳೆತನದ ಕೊಡುಗೆ" ಎಂದು ಕೆತ್ತಿದ್ದರು. ನಮ್ಮೂರ ಅಧ್ಯಕ್ಷ ರುದ್ರಗೌಡ ಹೊಸ ಕೋಟು ಹೊಲಿಸಿದ್ದ. ಒಪ್ಪಂದದಲ್ಲಿ ಒಂದು ಮಾತಿತ್ತು: ನೀರು ಪಡೆದ ಊರಿನ ಸೌಹಾರ್ದ ನಿಯೋಗವೊಂದು ಆಚೆಗೆ ಭೇಟಿ ಕೊಡಬಹುದು. ಆ ನಿಯೋಗವೆಂದರೆ ತಾನು, ತನ್ನ ಹೆಂಡತಿ ಮತ್ತು ಹೆಂಡತಿಯ ತಮ್ಮ ಎಂದು ರುದ್ರಗೌಡ ಮನಸ್ಸಿನಲ್ಲೇ ತೀರ್ಮಾನಿಸಿದ್ದ. ಕೋಟು ಹೊಲಿಸಿದ್ದೇ ಅದಕ್ಕೆ.

ನಲ್ಲಿ ತಿರುಗಿಸಿದಾಗ ನಾನು ಮೊದಲು ಕೊಡ ಹಿಡಿದೆ, ಮನೆಗೆ ಓಡಿ ತೊಗರಿಬೇಳೆ ಇಟ್ಟೆ. ಸ್ವಲ್ಪ ಹೊತ್ತಿಗೆ ಮುಚ್ಚಳ ತೆಗೆದು ಸೌಟಿನಿಂದ ಒತ್ತಿದೆ. ಬೇಳೆ ಕರಗಿ ಹೋಯಿತು. ಹುಟ್ಟಿದಾಗಿನಿಂದ ಕಲ್ಲಿನಂತಿದ್ದ ಕಾಳು ಸೌಟಿನ ಕೆಳಗೆ ಇಲ್ಲವೇ ಇಲ್ಲ ಎಂಬಂತೆ ಕರಗಿತು. ಒಲೆಯ ಮುಂದೆ ನಿಂತು ಕೈಮುಗಿದೆ. ಯಾರಿಗೆ ಮುಗಿದೆನೋ ಗೊತ್ತಿಲ್ಲ, ಬೇಳೆಗೇ ಇರಬೇಕು.

ಯಮನೂರಪ್ಪ ಮಾತ್ರ ಆ ನೀರು ಮುಟ್ಟಲಿಲ್ಲ. "ಅವರ ನೀರು ಕುಡದು ಅವರ ಋಣದಾಗ ಬೀಳೂ ಮಂದಿ ಬೀಳ್ರಿ. ನಂಗ ಸವಳ ಸಾಕು" ಎಂದ. ನನ್ನಲ್ಲೇ ಉಣ್ಣುವ ಅವನಿಗಾಗಿ ಒಂದು ಕೊಡ ಸವಳು ನೀರು ಬೇರೆ ಇಟ್ಟೆ.

ಎಲ್ಲ ಚೆನ್ನಾಗಿಯೇ ಇತ್ತು. ಮಳೆಗಾಲ ಮುಗಿದ ಮೇಲೆ ಟ್ಯಾಂಕು ತೊಳೆಯಬೇಕೆಂದು ವಸುಮತಿ ಮತ್ತೆ ಬಂದಳು. ನೀರನ್ನೆಲ್ಲ ಹೊರಗೆ ಬಿಡಿಸಿದಳು. ಟ್ಯಾಂಕು ಬರಿದಾಯಿತು. ಇಷ್ಟು ವರ್ಷ ಪಾತ್ರೆಗಳ ಜೊತೆ ಬಾಳಿದ ಊರು ನಮ್ಮದು. ಟ್ಯಾಂಕೂ ಆಚೆಯವರು ತುಂಬಿಸಿ ಕೊಟ್ಟ ಒಂದು ಪಾತ್ರೆ ಎಂಬುದು ನಮ್ಮಲ್ಲಿ ಒಬ್ಬರಿಗಾದರೂ ಹೊಳೆಯಬೇಕಿತ್ತು. ಅಷ್ಟು ದೊಡ್ಡದನ್ನು ಪಾತ್ರೆ ಎಂದು ಯಾರು ನೋಡುತ್ತಾರೆ?

ಸಂಜೆ ಅದು ಅತ್ತಿತು. ಮೊದಲು ಕಿವಿಗೆ ಏನೂ ಕೇಳಲಿಲ್ಲ, ಅಂಗಾಲಿನಲ್ಲಿ ಗೊತ್ತಾಯಿತು. ಆಮೇಲೆ ಗೋಡೆ, ಗಾಜು, ಹಲ್ಲು. ಆಮೇಲೆ ಆ ದನಿ ಮೇಲಕ್ಕೆದ್ದು ಊರಿನ ಎಲ್ಲ ಪಾತ್ರೆಗಳ ಅಳುವನ್ನೂ ತನ್ನೊಳಗೆ ಎಳೆದುಕೊಂಡಿತು. ಮೋಡದ ತನಕ ಒಂದೇ ದನಿ. ಜನ ಮನೆ ಬಿಟ್ಟು ಬಯಲಿನ ಕಡೆಗೆ ನಡೆದರು, ನಾನೂ ನಡೆದೆ. ಅಲ್ಲಿ ಕಂಡದ್ದನ್ನು ಹೇಳಲು ನನ್ನ ಉದ್ದ ನಾಲಿಗೆಯೂ ಸಾಲದು. ಬಯಲಿನ ಉಪ್ಪೆಲ್ಲ ಎದ್ದು ಸರಿಯುತ್ತಿತ್ತು. ಕಾಣದ ಬೆರಳುಗಳು ಎಳೆ ಬಿಡುತ್ತಿರುವ ಹಾಗೆ ಹರಳುಗಳು ತಾವೇ ಸಾಲು ಕಟ್ಟಿ, ಸುತ್ತು ಸುತ್ತಾಗಿ, ಕವಲು ಕವಲಾಗಿ ಮೂಡುತ್ತಿದ್ದವು. ಈ ತುದಿಯಿಂದ ಆ ದೇಶದ ತನಕ ಒಂದೇ ರಂಗೋಲಿ. ಗಡಿಯ ತಂತಿಬೇಲಿಯ ಅಡಿಯಿಂದ ನುಸುಳಿ ಅದು ಆಚೆಗೂ ಹೋಗಿತ್ತು. ನನ್ನ ಪಕ್ಕದಲ್ಲಿ ನಿಂತ ವಸುಮತಿ ನನ್ನ ಕೈ ಹಿಡಿದುಕೊಂಡಳು.

ಆಚೆಯ ಸರಕಾರಕ್ಕೆ ರಂಗೋಲಿ ಕಾಣಲಿಲ್ಲ, ಸದ್ದು ಮಾತ್ರ ಕೇಳಿತು. ಗೆಳೆತನದ ಟ್ಯಾಂಕನ್ನು ನಾವು ಸೈರನ್ ಮಾಡಿಕೊಂಡಿದ್ದೇವೆ, ಅವರ ಊರನ್ನು ಹೆದರಿಸುತ್ತಿದ್ದೇವೆ ಎಂದು ರೇಡಿಯೊದಲ್ಲಿ ಬಂತು. ನಮ್ಮ ರೇಡಿಯೊ ಅವರು ಕೊಟ್ಟ ಟ್ಯಾಂಕಿನಲ್ಲೇ ಏನೋ ಯಂತ್ರ ಇಟ್ಟಿದ್ದಾರೆ ಎಂದಿತು. ಎರಡೂ ಕಡೆ ಸಿಪಾಯಿಗಳು ಹೆಚ್ಚಾದರು. ವಸುಮತಿಗೆ ಆಜ್ಞೆ ಬಂತು: ಪೈಪು ಮುಚ್ಚಿ, ಟ್ಯಾಂಕು ಕೆಡವಿ ವಾಪಸು ಬಾ, ಸೋಮವಾರ ಲಾರಿಗಳು ಬರುತ್ತವೆ.

ಪೈಪು ಮುಚ್ಚಿದರೆ ನೀರು ಹೋಗುತ್ತದೆ, ಅದು ನನಗೆ ಅರ್ಥವಾಯಿತು. ಆದರೆ ನಾನು ಹೆದರಿದ್ದು ಬೇರೆಯದಕ್ಕೆ. ಇಷ್ಟು ವರ್ಷಗಳ ಮೇಲೆ ಗಡಿಯಲ್ಲಿ ಒಂದು ಬಿರುಕು ಬಿಟ್ಟಿತ್ತು. ಅದೂ ಮುಚ್ಚಿದರೆ ನನ್ನ ವಯಸ್ಸಿನಲ್ಲಿ ಇನ್ನೊಂದು ಬಿರುಕಿಗೆ ಕಾಯಲಾಗುವುದಿಲ್ಲ. ಡಬ್ಬಿ ನನ್ನ ಮಾಡಿನ ಮೇಲೆ ಅಳುತ್ತಲೇ ಇರುತ್ತದೆ, ನಾನು ಹೋಗಿಬಿಡುತ್ತೇನೆ.

ವಸುಮತಿ ಮೊದಲು ಟ್ಯಾಂಕಿಗೆ ಮತ್ತೆ ನೀರು ತುಂಬಿಸಿ ನೋಡಿದಳು. ಅತ್ತಿತು. ಅವರ ಪಾತ್ರೆಗೆ ಅವರದೇ ನೀರು ತುಂಬಿದರೆ ಹೇಗೆ ಸುಮ್ಮನಾದೀತು? ರುದ್ರಗೌಡ ಕೋಟು ತೊಟ್ಟು ಏಣಿ ಹತ್ತಿ, ಟ್ಯಾಂಕಿನ ಬಾಯೊಳಗೆ ತಲೆ ಹಾಕಿ ಕೃತಜ್ಞತೆಯ ಭಾಷಣ ಓದಿದ. ಟ್ಯಾಂಕು ಇನ್ನೂ ಜೋರಾಗಿ ಅತ್ತಿತು. ಅದರ ತಪ್ಪಿಲ್ಲ, ಆ ಭಾಷಣ ನಾನೂ ಕೇಳಿದ್ದೇನೆ. ನಮ್ಮ ಉಪ್ಪು ತುಂಬೋಣ ಎಂದರು ಕೆಲವರು. ನೀರು ಹಾಳಾಗುತ್ತದೆ. ತುಂಬಿದರೂ ಟ್ಯಾಂಕನ್ನು ಹೊತ್ತು ಯಾರ ಬಾಗಿಲಿಗೆ ಒಯ್ಯುವುದು?

ಶನಿವಾರ ಮಧ್ಯಾಹ್ನ ವಸುಮತಿ ಊಟ ಮುಟ್ಟದೆ ನನ್ನ ಅಡುಗೆಮನೆಯ ಹೊಸ್ತಿಲ ಮೇಲೆ ಕುಳಿತಳು.

"ಇದಕ್ಕೋಸ್ಕರ ನಮ್ಮಮ್ಮನ ಹತ್ರ ಎಷ್ಟು ಬೈಸ್ಕೊಂಡೆ ಗೊತ್ತಾ ಕಾಶವ್ವ?"

"ನಿಮ್ಮವ್ವ ಯಾಕ ಬೈತಾರ?"

"ನೀರು ಎಲ್ಲಿಂದ ಬರುತ್ತೆ ಅಂದ್ಕೊಂಡ್ರಿ? ನಮ್ಮೂರ ಕೆರೇದು. ಸರಕಾರ ಪೈಪು ಕೊಡ್ತು ಅಷ್ಟೆ. ನಿಮಗೆ ಬಿಡೋಕೆ ಅಂತ ನಮ್ಮ ಬೀದಿಗಳಲ್ಲಿ ಎಲ್ರೂ ದಿನಾ ಕೊಡ ಕಡಿಮೆ ಹಿಡೀತಾರೆ. ಮೊದಮೊದಲು ಜಗಳ ಆಯ್ತು. ಆಮೇಲೆ ಆ ನೀಲಮ್ಮ ಇದಾರಲ್ಲ, ಅವರೇ ನಲ್ಲಿ ಮುಂದೆ ನಿಂತು, ನನ್ನ ಪಾಲಿಂದು ಬಿಟ್ಟಿದೀನಿ, ನೀವೂ ಬಿಡಿ ಅಂತ ಎಲ್ರನ್ನೂ ಒಪ್ಪಿಸಿದ್ರು."

ನನ್ನ ಕೈಯಲ್ಲಿದ್ದ ಸೌಟು ಒಲೆಯ ಮೇಲೆ ಬಿತ್ತು. ನಾನು ಇಷ್ಟು ದಿನ ಬೇಯಿಸಿದ ಬೇಳೆಯೆಲ್ಲ ನೀಲವ್ವ ಬಿಟ್ಟ ನೀರಿನಲ್ಲಿ ಬೆಂದಿತ್ತು. ತಲೆಯೆತ್ತಿ ಮಾಡಿನ ಮೇಲಿನ ಡಬ್ಬಿ ನೋಡಿದೆ.

"ಹಂಗಾದ್ರ ಅದು ಸರಕಾರದ ಪಾತ್ರಿ ಅಲ್ಲವಾ ತಾಯಿ" ಅಂದೆ. "ಮನಿಮನಿಯವರ ಪಾತ್ರಿ. ಮನಿಮನಿಗೇ ಮುಟ್ಟಿಸಬೇಕು. ಹೊತ್ಕೊಂಡು ಹೋಗಾಕ ಅವರವರ ಪಾತ್ರಿ ನಮ್ಮ ಮಾಡಿನ ಮ್ಯಾಲ ಅದಾವಲ್ಲ! ಇಷ್ಟ ವರ್ಷದಿಂದ ಅಳಾಕತ್ತಾವಲ್ಲ!"

"ಏನು ತುಂಬ್ತೀರ?"

"ಹೋಳಿಗಿ. ಅವರ ನೀರು, ನಮ್ಮ ಕೈ."

ಹೇಳುವುದೇನೋ ಹೇಳಿದೆ, ಊರಲ್ಲಿ ಒಬ್ಬರಿಗೂ ಹೋಳಿಗೆ ಮಾಡಲು ಬರುತ್ತಿರಲಿಲ್ಲ. ಬೇಳೆ ಬೇಯದ ಊರಿನಲ್ಲಿ ಕಲಿಯುವುದೆಲ್ಲಿ? ವಸುಮತಿ ಬೂಟು ಕಳಚಿಟ್ಟು, ಪ್ಯಾಂಟಿನ ಕಾಲು ಮಡಚಿ ಒಳಗೆ ಬಂದಳು. "ನಮ್ಮಮ್ಮ ಮಾಡೋದು ನೋಡಿದೀನಿ, ಮಾಡಿಲ್ಲ" ಎಂದು ಕಣಕ ನಾದಲು ಕುಳಿತಳು. ಮೊದಲಿನವು ಒಡೆದವು, ಆಮೇಲಿನವು ಸುಟ್ಟವು. ಭಾನುವಾರ ಬೆಳಕು ಹರಿಯುವಾಗ ಊರಿನ ಎಲ್ಲ ಒಲೆಗಳ ಮೇಲೂ ಬೇಳೆ ಇತ್ತು. ಒಂದು ಮನೆಯಿಂದ ಬೆಲ್ಲ, ಒಂದು ಮನೆಯಿಂದ ಏಲಕ್ಕಿ. ಬೀದಿ ತುಂಬ ಹೂರಣದ ವಾಸನೆ. ಆ ವಾಸನೆ ನಮ್ಮೂರಿಗೆ ಹೊಸದು. ಮುದುಕರು ಜಗಲಿಗೆ ಬಂದು ಮೂಗೆತ್ತಿ ನಿಂತರು.

ದಾಟುವುದು ಹೇಗೆ ಎಂಬುದಕ್ಕೆ ನಾನು ರುದ್ರಗೌಡನ ಬಾಗಿಲಿಗೆ ಹೋದೆ.

"ಗೌಡ್ರ, ನಿಮ್ಮ ನಿಯೋಗ ಇವತ್ತ ಹೊಂಡಬೇಕು."

"ಇವತ್ತಾ? ಎಷ್ಟ್ ಮಂದಿ?"

"ಊರ ಮಂದಿ ಎಲ್ಲ. ಎಷ್ಟ ಮಂದಿ ಅಂತ ಒಪ್ಪಂದದಾಗ ಬರದಿಲ್ಲಂತ. ಇಂಜಿನಿಯರಮ್ಮ ನೋಡ್ಯಾರ."

"ಗುಂಡ ಹಾರಿಸಿದ್ರ?"

"ಟ್ಯಾಂಕಿ ಕೆಡವಿದ್ರ ಉದ್ಘಾಟನೆ ಕಲ್ಲೂ ಹೋಗ್ತದ, ಅದರ ಮ್ಯಾಲಿನ ನಿಮ್ಮ ಹೆಸರೂ ಹೋಗ್ತದ. ನೋಡ್ರಿ ಮತ್ತ."

ರುದ್ರಗೌಡ ಒಳಗೆ ಹೋಗಿ ಕೋಟು ತೊಟ್ಟು ಬಂದ. ಅವನ ಮೇಲೆ ನನಗೆ ಆಗ ನಿಜವಾಗಿ ಪ್ರೀತಿ ಬಂತು. ಹೆದರಿದ್ದ, ಆದರೂ ಗುಂಡಿ ಹಾಕಿಕೊಂಡ. ವಸುಮತಿ ತನ್ನ ಮೇಲಧಿಕಾರಿಗೆ ಫೋನು ಮಾಡಿದಳು. "ಹಸ್ತಾಂತರ ಇನ್ನೂ ಮುಗಿದಿಲ್ಲ ಸರ್. ನಿಯೋಗ ಕರ್ಕೊಂಡು ಬರ್ತಿದೀನಿ" ಎಂದಳು. ಆ ಕಡೆಯಿಂದ ಏನೋ ಕೂಗಿದ್ದು ನನಗೂ ಕೇಳಿತು. ಅವಳು ಫೋನು ಇಟ್ಟುಬಿಟ್ಟಳು.

ಮಧ್ಯಾಹ್ನದ ಹೊತ್ತಿಗೆ ಹೊರಟೆವು. ನಾವು ಈ ಕಡೆಯ ಠಾಣೆಗೆ ಮುಟ್ಟಿದಾಗ ನಮ್ಮ ಸಿಪಾಯಿಗಳು ಒಪ್ಪಂದದ ಹಾಳೆಯನ್ನು ತಿರುಗಿಸಿ ಮುರುಗಿಸಿ ನೋಡಿ, ಗೌಡನ ಕೋಟು ನೋಡಿ, ಸರಿದು ನಿಂತರು. ತಂಬಿಗೆ, ಬುಟ್ಟಿ, ಗಿಂಡಿ, ಊಟದ ಕ್ಯಾರಿಯರು, ಎಲ್ಲದರ ತುಂಬ ಹೋಳಿಗೆ. ಕಾಲ ಕೆಳಗೆ ಹಿಂದಿನ ಸಂಜೆಗಳ ರಂಗೋಲಿ. ಅದನ್ನು ತುಳಿಯಬಾರದೆಂದು ಜನ ಎಳೆಗಳ ನಡುವಿನ ಖಾಲಿ ಜಾಗದಲ್ಲಿ ಕಾಲಿಟ್ಟು ನಡೆದರು. ಅದರಿಂದ ಇಡೀ ಊರು ಸುತ್ತು ಸುತ್ತಾಗಿ, ಕುಣಿದ ಹಾಗೆ ನಡೆಯುತ್ತಿತ್ತು. ಯಾರಿಗೂ ನಗು ಬರಲಿಲ್ಲ.

ಅರ್ಧ ದಾರಿಯಲ್ಲಿ ಹಿಂದಿನಿಂದ ಯಾರೋ ಕೂಗಿದರು. ತಿರುಗಿ ನೋಡಿದರೆ ಯಮನೂರಪ್ಪ. ಒಂದೇ ತೋಳು ಬೀಸುತ್ತ ಓಡಿ ಬರುತ್ತಿದ್ದ. ಭುಜದಲ್ಲಿ ಖಾಕಿ ಬಟ್ಟೆ ಸುತ್ತಿದ ನೀರಿನ ಬಾಟಲಿ ತೂಗುತ್ತಿತ್ತು, ಸಿಪಾಯಿಗಳು ಸೊಂಟಕ್ಕೆ ಕಟ್ಟಿಕೊಳ್ಳುವಂಥದ್ದು. ಅದರ ಮೇಲೆ ಆಚೆಯವರ ಸೈನ್ಯದ ಗುರುತು.

"ಇದೆಲ್ಲಿದೋ ಯಮನೂರಾ?"

ಅವನು ಏದುಸಿರು ಬಿಡುತ್ತ ನಿಂತ. "ಕೈ ಹೋದ ದಿನ ಇದಽ ಬಯಲಾಗ ಬಿದ್ದಿದ್ದೆ. ನಾಲಿಗಿ ಒಣಗಿತ್ತು. ಅವರ ಕಡೆ ಸಿಪಾಯಿ ಒಬ್ಬಾಂವ ಬಂದ. ಹೊಡೀತಾನ ಅಂತ ಕಣ್ಣ ಮುಚ್ಚಿದೆ. ನೀರು ಕುಡಿಸಿ, ಬಾಟ್ಲಿ ಎದಿ ಮ್ಯಾಲ ಇಟ್ಟು ಹ್ವಾದ. ಹೆಸರ ಕೇಳಲಿಲ್ಲ ಕಾಶವ್ವ, ಮಾರಿನೂ ನೆನಪಿಲ್ಲ. ಯಾರಿಗಂತ ತಿರುಗಿ ಕೊಡಲಿ? ದಿನಾ ಅಳತದ. ಅದಕ್ಕಽ ಗಿರಣಿ ಹಚ್ಚತಿದ್ದೆ."

ಕಾಳಿಲ್ಲದ ಗಿರಣಿ ಯಾಕೆ ತಿರುಗುತ್ತಿತ್ತು ಎಂದು ಊರಿಗೆ ಆಗ ತಿಳಿಯಿತು. ಆ ಗಿರಣಿಯ ಸಲುವಾಗಿ ನಾನು ಅವನನ್ನು ಎಷ್ಟೋ ಸಲ ಕೆಣಕಿದ್ದೆ. "ಏನ ತುಂಬೀ?" ಎಂದು ಮಾತ್ರ ಕೇಳಿದೆ. "ಬೆಲ್ಲದ ಪಾನಕ. ನಲ್ಲಿ ನೀರಾಗ ಮಾಡೀನಿ" ಎಂದ, ನನ್ನ ಕಡೆ ನೋಡದೆ.

ಆಚೆಯ ಬೇಲಿ ಮುಟ್ಟುವಾಗ ಸೂರ್ಯ ಉಪ್ಪಿಗೆ ತಾಗಿದ್ದ. ನಾಲ್ಕಾರು ಜನರ ನಿಯೋಗ ಬಂದೀತೆಂದು ಕಾದಿದ್ದ ಸಿಪಾಯಿಗಳು ಇಡೀ ಊರನ್ನು ಕಂಡು ಬಂದೂಕು ಎತ್ತಿದರು. ಬೇಲಿಯ ಹಿಂದೆ ದೂರದಲ್ಲಿ ಜನ ಗುಂಪುಗಟ್ಟಿದ್ದರು. ವಸುಮತಿ ಗುರುತಿನ ಚೀಟಿ ಮೇಲೆತ್ತಿ, "ನಾನು ಇಂಜಿನಿಯರ್ ವಸುಮತಿ! ಇವರು ನಿಯೋಗ!" ಎಂದು ಕೂಗುತ್ತಿದ್ದಳು. ಆಗಲೇ ದೀಪ ಹಚ್ಚುವ ಹೊತ್ತು ಬಂದುಬಿಟ್ಟಿತು. ನಮ್ಮ ಕೈಯಲ್ಲಿದ್ದ ಪಾತ್ರೆಗಳೆಲ್ಲ ಒಟ್ಟಿಗೆ ಅಳತೊಡಗಿದವು. ಬೆನ್ನ ಹಿಂದಿನಿಂದ ಟ್ಯಾಂಕು. ಕಾಲ ಕೆಳಗಿನ ಉಪ್ಪು ಎದ್ದು ಸರಿಯತೊಡಗಿತು. ಸಿಪಾಯಿಗಳು ಅದನ್ನು ನೋಡಿ ಒಂದು ಹೆಜ್ಜೆ ಹಿಂದೆ ಸರಿದರು, ಬಂದೂಕು ಮಾತ್ರ ಇಳಿಸಲಿಲ್ಲ. ಹೆದರಿದವನ ಕೈಯಲ್ಲಿನ ಬಂದೂಕು ಕೆಟ್ಟದ್ದು. ರುದ್ರಗೌಡ ನನ್ನ ಸೆರಗು ಹಿಡಿದುಕೊಂಡಿದ್ದ, ನಾನು ಬಿಡಿಸಿಕೊಳ್ಳಲಿಲ್ಲ.

ಯಮನೂರಪ್ಪ ಒಬ್ಬನೇ ಮುಂದೆ ನಡೆದ. ಎದುರಿಗಿದ್ದ ಸಿಪಾಯಿ ಎಳೆಯವನು, ಉಪ್ಪಿನ ಗಾಳಿಗೆ ತುಟಿ ಬಿರಿದಿತ್ತು. "ನಿಲ್ಲಿ! ಅಲ್ಲೇ ನಿಲ್ಲಿ!" ಎಂದ. ಯಮನೂರಪ್ಪ ಬೇಲಿಗೆ ಎದೆ ತಾಗುವ ತನಕ ಹೋಗಿ ಬಾಟಲಿಯನ್ನು ಮುಂದೆ ಚಾಚಿದ. ಅದು ಅವನ ಕೈಯಲ್ಲಿ ಅಳುತ್ತಿತ್ತು.

"ನಿಮ್ಮ ಪೈಕಿ ಒಬ್ಬಾಂವ ನಂಗ ನೀರ ಕುಡಿಸಿದ್ದ. ಅಂವ ಸಿಗೂದಿಲ್ಲ. ನೀ ಅವನ ಬಟ್ಟಿ ತೊಟ್ಟೀ. ತುಂಬಿ ತಂದೀನಿ, ತಗೊಳ್ಳಪಾ."

ಸಿಪಾಯಿ ಬಾಟಲಿಯ ಮೇಲಿನ ಗುರುತು ನೋಡಿದ, ತನ್ನ ಸೊಂಟದಲ್ಲಿದ್ದ ಅಂಥದೇ ಬಾಟಲಿಯನ್ನು ಮುಟ್ಟಿ ನೋಡಿಕೊಂಡ. ಆಮೇಲೆ ಆ ತೋಳಿಲ್ಲದ ಭುಜ ನೋಡಿದ. ಬಂದೂಕನ್ನು ಹೆಗಲಿಗೆ ಹಾಕಿ ಕೈ ಚಾಚಿದ. ಒಂದು ಗುಟುಕು ಕುಡಿದ. ಇನ್ನೊಂದು ಗುಟುಕು. ಬಾಟಲಿ ಸುಮ್ಮನಾಯಿತು.

"ಸಿಹಿಯಾಗಿದೆ ಯಜಮಾನ್ರೆ" ಎಂದ ಸಿಪಾಯಿ. ಯಮನೂರಪ್ಪ ಬೇಲಿಯ ಕಂಬಕ್ಕೆ ಹಣೆ ಒತ್ತಿ ನಿಂತುಬಿಟ್ಟ. ಅಷ್ಟರಲ್ಲಿ ಬೇಲಿಯ ಹಿಂದಿನ ಗುಂಪಿನಲ್ಲಿ ಒಂದು ಹೆಂಗಸಿನ ದನಿ ಎಲ್ಲ ದನಿಗಳನ್ನೂ ಮೀರಿ ಎದ್ದಿತು.

"ಸರೀರೋ! ನಮ್ಮ ತವರಿನ ಪಾತ್ರಿ ಅಳಾಕತ್ತಾವು ಅಂತ ಅವತ್ತಿಂದ ಬಡಕೊಳ್ಳಾಕತ್ತೀನಿ! ಬೇಲಿ ತಗೀರಿ! ಅಕ್ಕಾ! ಡಬ್ಬಿ ತಂದೀಯೇನ?"

ಇಷ್ಟು ವರ್ಷ ಆಚೆ ಬಾಳಿದರೂ ಅವಳ ಮಾತು ಬದಲಾಗಿರಲಿಲ್ಲ. ಬೇಲಿಯ ಬಾಗಿಲನ್ನು ಯಾರು ತೆಗೆದರೋ, ಆಜ್ಞೆ ಯಾರು ಕೊಟ್ಟರೋ ಇವತ್ತಿಗೂ ಎರಡೂ ಸರಕಾರಗಳಿಗೆ ಗೊತ್ತಿಲ್ಲ. ನನಗೆ ಕಂಡದ್ದು ಬೆಳ್ಳಗಿನ ಕೂದಲ ಒಬ್ಬ ಮುದುಕಿ, ಓಡಲಾಗದೆ ಓಡಿ ಬರುತ್ತಿದ್ದವಳು. ಅವಳನ್ನು ತಬ್ಬಿಕೊಳ್ಳಬೇಕಿತ್ತು, ಮೊದಲು ಡಬ್ಬಿ ಕೊಟ್ಟೆ. ಅವಳ ಕೈ ತಾಗಿದ ಕೂಡಲೇ ಅದು ಸುಮ್ಮನಾಯಿತು. ನೀಲವ್ವ ನಿಂತಲ್ಲೇ ಮುಚ್ಚಳ ತೆಗೆದು ಒಂದು ತುಂಡು ಮುರಿದು ಬಾಯಿಗೆ ಹಾಕಿಕೊಂಡಳು. ಕಣ್ಣಿನಿಂದ ನೀರು ಸುರಿಯುತ್ತಿತ್ತು, ಬಾಯಿ ಆಡುತ್ತಿತ್ತು.

"ಕಣಕ ದಪ್ಪ ಆಗೈತಿ" ಎಂದಳು.

"ಮೊದಲನೇ ಸಲ ಮಾಡೀನಿ, ಬಾಯಿ ಮುಚ್ಚಿ ತಿನ್ನು" ಅಂದೆ. ಆಗ ತಬ್ಬಿಕೊಂಡೆವು.

ನಮ್ಮ ಸುತ್ತ ಒಂದೊಂದೇ ಪಾತ್ರೆ ಸುಮ್ಮನಾಗುತ್ತಿತ್ತು. ಕೊಟ್ಟವರು ತೀರಿಕೊಂಡಲ್ಲಿ ಮಕ್ಕಳು ಬಂದು ಕೈಚಾಚಿದರು, ಮಕ್ಕಳಿಲ್ಲದಲ್ಲಿ ನೆರೆಯವರು. ಹೋಳಿಗೆ ಹಂಚಿ ಹೋಯಿತು, ನೀರು ಬಿಟ್ಟುಕೊಟ್ಟ ಪ್ರತಿ ಬೀದಿಗೂ ಒಂದು ಚೂರಾದರೂ ಮುಟ್ಟಿತು. ಕೊನೆಯ ಗಿಂಡಿ ಕೈ ಬದಲಾಯಿಸಿದಾಗ ಬಯಲಿನ ಆ ತುದಿಯಲ್ಲಿ ಟ್ಯಾಂಕಿನ ದನಿಯೂ ನಿಂತಿತು.

ಆಮೇಲೆ ಏನೂ ಕೇಳಲಿಲ್ಲ. ನನ್ನ ಯೌವನದಿಂದೀಚೆಗೆ ಮುಚ್ಚಂಜೆಯಲ್ಲಿ ಏನೂ ಕೇಳದೆ ಇದ್ದದ್ದು ಅದೇ ಮೊದಲು. ಉಪ್ಪಿನ ಹರಳುಗಳು ಎಲ್ಲಿದ್ದವೋ ಅಲ್ಲೇ ಕುಳಿತವು. ಎರಡು ದೇಶದ ಜನ ಮಾತಿಲ್ಲದೆ ಆ ರಂಗೋಲಿಯ ಮೇಲೆ ನಿಂತಿದ್ದರು. ನಮ್ಮೂರ ಕಂಕುಳ ಕೂಸೊಂದು ಆ ಮೌನಕ್ಕೆ ಹೆದರಿ ಕಿರುಚಿತು. ಎಲ್ಲರೂ ಉಸಿರು ಬಿಟ್ಟೆವು.

ಸೋಮವಾರ ಲಾರಿಗಳು ಬಂದವು, ಕೆಡವಲು ಏನೂ ಕಾರಣ ಕಾಣದೆ ಹಿಂದಿರುಗಿದವು. ತಮ್ಮ ನೆರವಿನಿಂದ ಮನಸ್ಸುಗಳನ್ನು ಗೆದ್ದದ್ದಾಯಿತು ಎಂದು ಆಚೆಯ ರೇಡಿಯೊ ಹೇಳಿತು. ತಮ್ಮ ಮುತ್ಸದ್ದಿತನದಿಂದ ಎಂದು ನಮ್ಮದು. ರುದ್ರಗೌಡ ತನ್ನಿಂದ ಎಂದ. ಹೇಳಿಕೊಳ್ಳಲಿ. ನಿಯೋಗಕ್ಕೆ ದಾರಿ ಬಿಡಬೇಕೆಂದು ಎರಡೂ ಕಡೆ ಒಪ್ಪಿದರು, ಆದರೆ ಒಂದು ಷರತ್ತು: ತಕ್ಕ ಕಾರಣವಿದ್ದರೆ ಮಾತ್ರ. ಸರಕಾರಗಳಿಗೆ ಕಾರಣ ಇಲ್ಲದೆ ಬಾಗಿಲು ತೆಗೆಯಲು ಬರುವುದಿಲ್ಲ.

ಅದನ್ನು ಮೊದಲು ಊಹಿಸಿದವಳು ನೀಲವ್ವ. ಆ ಸಂಜೆ ಬೀಳ್ಕೊಡುವಾಗ ಅವಳು ಮನೆಗೆ ಓಡಿ ಒಂದು ದೊಡ್ಡ ಡಬ್ಬಿ ತಂದಿದ್ದಳು, ಅದರ ತುಂಬ ಮಾವಿನ ಉಪ್ಪಿನಕಾಯಿ. "ಇದನ್ನ ಒಯ್ಯಿ" ಎಂದು ನನ್ನ ಕೈಗಿಟ್ಟು, ಕಣ್ಣು ಮಿಟುಕಿಸಿ, "ಖಾಲಿ ಆದ ಮ್ಯಾಲ ಏನಾಗ್ತದ ಅಂತ ನಿಂಗ ಗೊತ್ತೈತಲ್ಲ?" ಎಂದಳು. ಅದನ್ನು ಕಂಡ ಆಚೆಯ ಹೆಂಗಸರೆಲ್ಲ ಮನೆಗಳಿಗೆ ಓಡಿದರು. ಬರಿಗೈಯಲ್ಲಿ ನಿಂತಿದ್ದ ಯಮನೂರಪ್ಪನ ಭುಜಕ್ಕೆ ಆ ಎಳೆಯ ಸಿಪಾಯಿ ತನ್ನ ಬಾಟಲಿಯನ್ನು ತಗುಲಿಹಾಕಿದ.

ಆ ಉಪ್ಪಿನಕಾಯಿ ಒಂದು ವರ್ಷ ಬಾಳುವಂಥದ್ದು. ನಾನು ಖಾನಾವಳಿಗೆ ಬಂದವರಿಗೆಲ್ಲ ಕೇಳದಿದ್ದರೂ ಎರಡೆರಡು ಸಲ ಬಡಿಸಿದೆ. ಡ್ರೈವರುಗಳು, ಕಂಡಕ್ಟರುಗಳು, ದಾರಿಹೋಕರು, ಎಲ್ಲರಿಗೂ. ಕೊನೆಯ ಹೋಳು ಯಮನೂರಪ್ಪನ ತಟ್ಟೆಗೆ ಹೋಯಿತು. ಅವನ ಗಿರಣಿ ಈಗ ಸಂಜೆ ತಿರುಗುವುದಿಲ್ಲ. ಬಾಗಿಲ ಮುಂದೆ ಕುಳಿತು, ತೊಡೆಯ ಮೇಲೆ ಬಾಟಲಿ ಇಟ್ಟುಕೊಂಡು ಬಯಲು ನೋಡುತ್ತಿರುತ್ತಾನೆ.

ಇವತ್ತು ದೀಪ ಹಚ್ಚುವಾಗ ಮಾಡಿನ ಮೇಲಿನ ಡಬ್ಬಿ ಮೆಲ್ಲಗೆ ದನಿ ತೆಗೆಯಿತು. ನಾನು ರೇಡಿಯೊ ಬಂದ್ ಮಾಡಿ ಸ್ವಲ್ಪ ಹೊತ್ತು ಕೇಳಿದೆ. ಆಮೇಲೆ ಬೇಳೆ ಅಳೆದು, ತೊಳೆದು, ಒಲೆಯ ಮೇಲಿಟ್ಟೆ.